ಕೌಂಟಿ ಫೇರ್‌ಗೆ ಮಗಳ ಕಸೂತಿ, ಹಿತ್ತಲಿನ ಬೀನ್ಸ್: ಜಡ್ಜ್ ನೋಡುವುದು ಏನನ್ನು?

ಪ್ರಶ್ನೆ: ನಾವು ಅಮೆರಿಕದ ಅಯೋವಾದಲ್ಲಿ, ಡಿ ಮಾಯ್ನ್ ಪಕ್ಕದ ಊರಿನಲ್ಲಿದ್ದೇವೆ. ಮಗಳು ನಾಲ್ಕನೇ ಕ್ಲಾಸು, ಮಗ ಒಂದನೇ ಕ್ಲಾಸು. ಮಗಳು ಧಾರವಾಡದ ಅಜ್ಜಿಯ ಹತ್ತಿರ ಕಸೂತಿ ಕಲಿತಿದ್ದಾಳೆ, ರಂಗೋಲಿ ಹಾಕುತ್ತಾಳೆ. ಹಿತ್ತಲಲ್ಲಿ ಅವಳದ್ದೇ ಎರಡು ಪಾತಿ ತರಕಾರಿ ಇದೆ. ಪಕ್ಕದ ಮನೆಯವರು ಜುಲೈನಲ್ಲಿ ನಡೆಯುವ ಜಿಲ್ಲಾ ಜಾತ್ರೆಗೆ, ಅಂದರೆ ಕೌಂಟಿ ಫೇರ್‌ಗೆ ಇವನ್ನೆಲ್ಲ ಕೊಡಿ ಅಂತಾರೆ. ಆದರೆ ಹೋದ ವರ್ಷ ಅವರ ಮಗನಿಗೇ ಕೆಂಪು ರಿಬ್ಬನ್ ಬಂದು ಅತ್ತಿದ್ದ. ಅದು ಹಸು, ಹಂದಿ ಸಾಕುವವರ ಜಾತ್ರೆ ಅಲ್ವಾ? ನಮ್ಮ ಕಸೂತಿ, ರಂಗೋಲಿ ಅಲ್ಲಿ ಯಾರಿಗೆ ಅರ್ಥವಾಗುತ್ತೆ? ನಾವು ಎಷ್ಟು ಸಹಾಯ ಮಾಡಬಹುದು? ಈಗ ಏಪ್ರಿಲ್, ಯಾವ ತರಕಾರಿ ಹಾಕಿದರೆ ಫೇರ್ ಹೊತ್ತಿಗೆ ಸಿಗುತ್ತೆ?

ಉತ್ತರ: ಮೊದಲು ಆ ಕೆಂಪು ರಿಬ್ಬನ್ ವಿಷಯ ಮುಗಿಸಿಬಿಡೋಣ. ಅದು ಅರ್ಥವಾದರೆ ಉಳಿದದ್ದು ಅರ್ಧ ಸಲೀಸು.

ಫೇರ್‌ನಲ್ಲಿ ಮಕ್ಕಳ ಕೈಕೆಲಸ ಎರಡು ಕಡೆ ಇಡಬಹುದು. ಒಂದು, ಫೋರ್-ಎಚ್ ಎಂಬ ಮಕ್ಕಳ ಸಂಘದ ಹಾಲ್. ಇನ್ನೊಂದು, ಯಾರು ಬೇಕಾದರೂ ಕೊಡಬಹುದಾದ ಓಪನ್ ಕ್ಲಾಸ್. ಎರಡೂ ಕಡೆ ನೀಲಿ, ಕೆಂಪು, ಬಿಳಿ ರಿಬ್ಬನ್ನುಗಳೇ. ಆದರೆ ಅರ್ಥ ಬೇರೆ. ಓಪನ್ ಕ್ಲಾಸಿನಲ್ಲಿ ಸಾಮಾನ್ಯವಾಗಿ ನೀಲಿ ಅಂದರೆ ಮೊದಲನೇ ಸ್ಥಾನ, ಕೆಂಪು ಎರಡನೇದು, ಬಿಳಿ ಮೂರನೇದು. ಅಲ್ಲಿ ಕೆಂಪು ಬಂದರೆ ಒಬ್ಬರನ್ನು ಬಿಟ್ಟು ಮಿಕ್ಕವರನ್ನೆಲ್ಲ ಹಿಂದೆ ಹಾಕಿದ ಹಾಗೆ. ಫೋರ್-ಎಚ್ ಹಾಲ್‌ನಲ್ಲಿ ನಡೆಯುವುದು ಡೇನಿಷ್ ಪದ್ಧತಿ. ಅಲ್ಲಿ ಒಬ್ಬರ ಕೆಲಸವನ್ನು ಇನ್ನೊಬ್ಬರದ್ದರ ಜೊತೆ ಹೋಲಿಸುವುದಿಲ್ಲ. ಈ ವಯಸ್ಸಿನ ಮಗು ಈ ಕೆಲಸವನ್ನು ಯಾವ ಮಟ್ಟಕ್ಕೆ ಮಾಡಬೇಕು ಎಂಬ ಒಂದು ಅಳತೆ ಇರುತ್ತದೆ. ಆ ಅಳತೆ ಮುಟ್ಟಿದರೆ ನೀಲಿ. ಚೆನ್ನಾಗಿದೆ, ಆದರೆ ತಿದ್ದಿಕೊಳ್ಳುವುದು ಒಂದಿಷ್ಟು ಇದೆ ಅಂದರೆ ಕೆಂಪು. ಕಲಿಯುವುದು ಜಾಸ್ತಿಯೇ ಇದೆ ಅಂದರೆ ಬಿಳಿ. ಇಪ್ಪತ್ತು ಮಕ್ಕಳು ಫೋಟೋ ತಂದರೆ ಇಪ್ಪತ್ತಕ್ಕೂ ನೀಲಿ ಬರಬಹುದು. ಅವುಗಳಲ್ಲಿ ತೀರಾ ಮೇಲಿನವನ್ನು ಆರಿಸಿ ನೇರಳೆ ರಿಬ್ಬನ್ ಕೊಡುವ ಕೌಂಟಿಗಳೂ ಇವೆ.

ಹಾಗಾಗಿ ಪಕ್ಕದ ಮನೆಯ ಹುಡುಗ ಅತ್ತಿದ್ದು ಯಾವ ಹಾಲ್‌ನಲ್ಲಿ ಅಂತ ಕೇಳಿ ನೋಡಿ. ಫೋರ್-ಎಚ್ ಆಗಿದ್ದರೆ ರಿಬ್ಬನ್ ಜೊತೆ ಒಂದು ಚೀಟಿಯೂ ಬಂದಿರುತ್ತದೆ, ಜಡ್ಜ್ ಬರೆದದ್ದು. ಎಷ್ಟೋ ಮನೆಗಳಲ್ಲಿ ಅದನ್ನು ಓದುವುದೇ ಇಲ್ಲ. ರಿಬ್ಬನ್ ಗೋಡೆಗೆ ಹೋಗುತ್ತದೆ, ಚೀಟಿ ಕಸಕ್ಕೆ. ನನ್ನ ಕೇಳಿದರೆ ಉಲ್ಟಾ ಆಗಬೇಕು. ತೋಟಗಾರಿಕೆ, ಕೈಕೆಲಸ ಎರಡೂ ವಿಭಾಗಗಳಲ್ಲಿ ಜಡ್ಜ್ ಆಗಿ ಕೂತವಳು ನಾನು. ಬಣ್ಣ ಆರಿಸುವುದಕ್ಕಿಂತ ಆ ನಾಲ್ಕು ಸಾಲು ಬರೆಯುವುದಕ್ಕೇ ನಮಗೆ ಜಾಸ್ತಿ ಹೊತ್ತು ಬೇಕು.

ಹಸು, ಹಂದಿ ವಿಷಯ. ಇವೆ, ಬೇಕಾದಷ್ಟಿವೆ. ಕುರಿ, ಕೋಳಿ, ಮೊಲವೂ ಇವೆ. ಅವುಗಳ ಕೊಟ್ಟಿಗೆಗಳು ಬೇರೆ, ನಿಮ್ಮ ಮಗಳು ಕೂರುವ ಹಾಲ್ ಬೇರೆ. ಪ್ರಾಣಿ ಬಿಟ್ಟು ಉಳಿದ ಎಲ್ಲವನ್ನೂ ಅಲ್ಲಿ ಸ್ಟ್ಯಾಟಿಕ್ ಎಕ್ಸಿಬಿಟ್ ಅಂತಾರೆ: ಚಿತ್ರ, ಫೋಟೋ, ಹೊಲಿಗೆ, ಮರಗೆಲಸ, ಅಡುಗೆ, ತರಕಾರಿ, ಹೂವು. ಕೆಲವು ಕಡೆ ಲೆಗೊ ಜೋಡಿಸಿದ್ದಕ್ಕೂ ಜಾಗ ಇದೆ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಮಕ್ಕಳು ಕೊಟ್ಟಿಗೆ ನೋಡಲು ಹೋಗೇ ಹೋಗುತ್ತಾರೆ. ಅಲ್ಲಿ ಸಾಕಿದ ಹಂದಿ, ಹೋರಿಗಳಲ್ಲಿ ಬಹಳಷ್ಟು ಕೊನೆಗೆ ಹರಾಜಾಗಿ ಮಾಂಸಕ್ಕೆ ಹೋಗುತ್ತವೆ. ನಿಮ್ಮದು ಸಸ್ಯಾಹಾರಿ ಮನೆಯಾಗಿದ್ದರೆ ಈ ಪ್ರಶ್ನೆ ಕಾರಿನಲ್ಲಿ ಬರುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಅಲ್ಲಿನ ಮಕ್ಕಳಿಗೂ ಅದು ಗೊತ್ತು. ಗೊತ್ತಿದ್ದೂ ತಮ್ಮ ಹೋರಿಯನ್ನು ಕಳಿಸಿಕೊಡುವಾಗ ಅಳುವ ಮಕ್ಕಳನ್ನು ನೀವೇ ನೋಡುತ್ತೀರಿ.

ಇನ್ನು ನಮ್ಮ ಕಸೂತಿ ಅಲ್ಲಿ ಯಾರಿಗೆ ಅರ್ಥವಾಗುತ್ತೆ ಅಂತ ಕೇಳಿದ್ದೀರಿ. ಅದಕ್ಕೆ ಉತ್ತರ ಕೊಡಲು ಈ ಫೋರ್-ಎಚ್ ಎಲ್ಲಿಂದ ಬಂತು ಅಂತ ಸ್ವಲ್ಪ ಹೇಳಬೇಕು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಕೃಷಿ ಕಾಲೇಜುಗಳ ಹತ್ತಿರ ಹೊಸ ಬೀಜ, ಹೊಸ ವಿಧಾನ ಎಲ್ಲ ಇದ್ದವು. ಆದರೆ ರೈತರು ಅಷ್ಟು ಸುಲಭಕ್ಕೆ ನಂಬುತ್ತಿರಲಿಲ್ಲ. ಮಕ್ಕಳು ನಂಬಿದರು. ಒಹಾಯೋದ ಕ್ಲಾರ್ಕ್ ಕೌಂಟಿಯಲ್ಲಿ ಎ.ಬಿ. ಗ್ರಹಾಂ 1902ರಲ್ಲಿ ಹುಡುಗ ಹುಡುಗಿಯರ ಕೃಷಿ ಸಂಘ ಶುರು ಮಾಡಿದರು. ನಿಮ್ಮ ಅಯೋವಾದಲ್ಲೇ, ಪೇಜ್ ಕೌಂಟಿಯಲ್ಲಿ, ಜೆಸ್ಸಿ ಫೀಲ್ಡ್ ಎಂಬ ಶಾಲಾ ಶಿಕ್ಷಕಿ ಗಂಡುಮಕ್ಕಳಿಗೆ ಜೋಳದ ಸಂಘ, ಹೆಣ್ಣುಮಕ್ಕಳಿಗೆ ಮನೆಗೆಲಸದ ಸಂಘ ಕಟ್ಟಿದರು. 1910ರಲ್ಲಿ ಆಕೆ ಮೂರೆಲೆಯ ಕ್ಲೋವರ್ ಪಿನ್ ಒಂದನ್ನು ಮಾಡಿದರು. ಅದೇ ಮುಂದೆ ಈಗಿನ ನಾಲ್ಕೆಲೆಯ ಹಸಿರು ಗುರುತಾಯಿತು. 1914ರ ಸ್ಮಿತ್-ಲೀವರ್ ಕಾಯ್ದೆ ಬಂದ ಮೇಲೆ ಪ್ರತಿ ರಾಜ್ಯದ ಕೃಷಿ ವಿಶ್ವವಿದ್ಯಾಲಯ ಕೌಂಟಿಗಳಲ್ಲಿ ವಿಸ್ತರಣಾ ಕಚೇರಿ ಇಟ್ಟು ಈ ಸಂಘಗಳನ್ನು ನೋಡಿಕೊಳ್ಳತೊಡಗಿತು. ನಿಮಗೆ ಅದು ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಎಕ್ಸ್‌ಟೆನ್ಶನ್ ಆಫೀಸು. ನಮ್ಮ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಶುರುವಾಗಿದ್ದೂ ಇದೇ ಮಾದರಿಯಲ್ಲಿ, ಟೆನೆಸಿ ವಿಶ್ವವಿದ್ಯಾಲಯದ ನೆರವಿನಿಂದ. ಪಾಠ, ಸಂಶೋಧನೆ, ರೈತರ ಹತ್ತಿರ ಹೋಗುವುದು, ಮೂರೂ ಒಂದೇ ಮನೆಯಿಂದ ಆಗಬೇಕು ಎಂಬ ಲೆಕ್ಕ.

ಅಂದರೆ ಇದು ಹುಟ್ಟಿನಿಂದಲೇ ಕಲಿಸುವ ಜಾಗ. ಹಾಗಾಗಿ ಜಡ್ಜ್‌ಗೆ ಕಸೂತಿ ಗೊತ್ತಿರಲೇಬೇಕು ಎಂದಿಲ್ಲ. ನಿಮ್ಮ ಮಗಳಿಗೆ ಗೊತ್ತಿದ್ದರೆ ಸಾಕು. ಅಯೋವಾದ ಫೋರ್-ಎಚ್‌ನಲ್ಲಿ ಹೆಚ್ಚಿನ ಕೌಂಟಿಗಳು ಮಗುವನ್ನು ಎದುರಿಗೇ ಕೂರಿಸಿಕೊಂಡು ಮಾತಾಡಿಸುತ್ತವೆ. ಮೇಜಿನ ಒಂದು ಕಡೆ ಜಡ್ಜ್, ಇನ್ನೊಂದು ಕಡೆ ಮಗು, ನಡುವೆ ಅದು ಮಾಡಿದ ವಸ್ತು. ಕೆಲವೇ ನಿಮಿಷದ ಮಾತು. ಜೊತೆಗೆ ಮಗು ಮೂರು ಪ್ರಶ್ನೆಗೆ ಉತ್ತರ ಬರೆದು ತರಬೇಕು. ನಿನ್ನ ಗುರಿ ಏನಿತ್ತು? ಅದಕ್ಕೆ ಏನೇನು ಮಾಡಿದೆ? ಮುಖ್ಯವಾಗಿ ಏನು ಕಲಿತೆ? ವಸ್ತು ಎಷ್ಟೇ ಚೆಂದ ಇರಲಿ, ಈ ಹಾಳೆ ಇಲ್ಲದಿದ್ದರೆ ಅಥವಾ ಹಾಳೆಯಲ್ಲಿ ಸುಮ್ನೆ ಎರಡು ಪದ ಗೀಚಿದ್ದರೆ ನೀಲಿ ಕಷ್ಟ.

ಗುರಿ ಅನ್ನುವುದನ್ನು ಮಕ್ಕಳು ತಪ್ಪಾಗಿ ಹಿಡಿಯುತ್ತಾರೆ. "ಕಸೂತಿ ಮಾಡಬೇಕು" ಅನ್ನುವುದು ಗುರಿಯಲ್ಲ, ಅದು ಕೆಲಸದ ಹೆಸರು. "ಮುಂದೆ, ಹಿಂದೆ ಎರಡೂ ಒಂದೇ ಥರ ಕಾಣುವ ಹಾಗೆ ಗವಂತಿ ಹೊಲಿಗೆಯಲ್ಲಿ ಒಂದು ಗೋಪುರ ಮಾಡಬೇಕು, ಎಲ್ಲೂ ಗಂಟು ಹಾಕಬಾರದು" ಅಂದರೆ ಅದು ಗುರಿ. ಅದನ್ನು ಅಳೆಯಬಹುದು. ಬಟ್ಟೆ ತಿರುಗಿಸಿದರೆ ಆಯಿತು.

ನಿಮ್ಮ ಮಗಳ ಕೈಯಲ್ಲಿ ಎಂಥ ಒಳ್ಳೆಯ ವಿದ್ಯೆ ಇದೆ ಅಂತ ನಿಮಗೇ ಪೂರ್ತಿ ಹೊಳೆದಿಲ್ಲ ಅನಿಸುತ್ತದೆ. ಕಸೂತಿ, ಕ್ರಾಸ್ ಸ್ಟಿಚ್ ಯಾವುದು ಬಂದರೂ ಜಡ್ಜ್ ಮೊದಲು ಮಾಡುವ ಕೆಲಸ ಅದನ್ನು ಮಗುಚಿ ನೋಡುವುದು. ಹಿಂದೆ ದಾರ ಅಡ್ಡಾದಿಡ್ಡಿ ಓಡಿದೆಯಾ, ಗಂಟು ಉಬ್ಬಿದೆಯಾ, ತಿಳಿ ಬಟ್ಟೆಯ ಮೇಲೆ ಗಾಢ ಬಣ್ಣದ ದಾರ ಒಳಗಿಂದ ಕಾಣುತ್ತಿದೆಯಾ ಅಂತ. ನಮ್ಮ ಕಸೂತಿಯಲ್ಲಿ ಗಂಟೇ ಇಲ್ಲ. ಗವಂತಿ, ಮುರ್ಗಿ ಎರಡರಲ್ಲೂ ದಾರ ಒಂದು ಮನೆ ಬಿಟ್ಟು ಒಂದು ಮನೆ ಹೋಗಿ, ಬಿಟ್ಟ ಮನೆಗಳನ್ನು ತುಂಬಿಕೊಂಡು ವಾಪಸ್ ಬರುತ್ತದೆ. ಹಾಗಾಗಿ ಎರಡೂ ಮೈ ಒಂದೇ. ನೇಗಿ ಮತ್ತು ಮೆಂತೆ ಹೊಲಿಗೆಗಳಲ್ಲಿ ಹಾಗಾಗುವುದಿಲ್ಲ. ಅದನ್ನೂ ಮಗಳೇ ಜಡ್ಜ್‌ಗೆ ಹೇಳಲಿ. ಇಳಕಲ್ ಸೀರೆಯ ಮೇಲೆ ಹೆಂಗಸರು ಚಿತ್ರ ಬರೆದುಕೊಳ್ಳದೆ, ಬರೀ ಎಳೆ ಎಣಿಸಿ ತೇರು, ಆನೆ, ತುಳಸಿ ಕಟ್ಟೆ ತೆಗೆಯುತ್ತಿದ್ದರು ಅಂತ ಒಂಬತ್ತು ಹತ್ತು ವರ್ಷದ ಹುಡುಗಿ ಹೇಳಿದರೆ ಯಾವ ಜಡ್ಜ್ ಕಿವಿ ನಿಮಿರುವುದಿಲ್ಲ ಹೇಳಿ.

ಕೆಲಸದ ಕಡೆ ಎರಡು ಮೂರು ಸಲಹೆ. ಸೀರೆ ಬಟ್ಟೆ ಈ ವಯಸ್ಸಿಗೆ ಬೇಡ, ಎಳೆ ತೀರಾ ಸಣ್ಣ. ಕ್ರಾಫ್ಟ್ ಅಂಗಡಿಯಲ್ಲಿ ಐಡಾ ಬಟ್ಟೆ ಸಿಗುತ್ತದೆ. 14 ಕೌಂಟ್ ತಗೊಳ್ಳಿ, ಇಂಚಿಗೆ 14 ಮನೆ ಬರುತ್ತದೆ, ಎಣಿಸಲು ಸುಲಭ. ಅಂಗೈ ಅಗಲದ ಒಂದು ಚಿತ್ರ ಸಾಕು. ದೊಡ್ಡದು ಮಾಡಲು ಹೋಗಿ ಕೊನೆಯ ವಾರ ನೀವು ಸೂಜಿ ಹಿಡಿಯುವುದಕ್ಕಿಂತ ಸಣ್ಣದು ಅವಳೇ ಮುಗಿಸುವುದು ಮೇಲು. ಬಟ್ಟೆ ಬಿಗಿದ ಬಳೆಯ (ಹೂಪ್) ಗುರುತು ಹೋಗುವ ಹಾಗೆ ತೊಳೆದು, ಒಣಗಿಸಿ, ಹಿಂಬದಿಯಿಂದ ಇಸ್ತ್ರಿ ಮಾಡಬೇಕು. ಇನ್ನೊಂದು ವಿಷಯವನ್ನು ಬಹಳ ಜನ ಯೋಚಿಸುವುದೇ ಇಲ್ಲ. ಫ್ರೇಮ್ ಹಾಕಿ ಹಿಂದೆ ಕಾಗದ ಅಂಟಿಸಿಬಿಟ್ಟರೆ ಅವಳ ಹೆಮ್ಮೆಯ ಹಿಂಬದಿಯೇ ಮುಚ್ಚಿಹೋಗುತ್ತದೆ. ಹಿಂಬದಿ ತೆರೆದಿಡಿ. ಇಲ್ಲವೇ ಅದರ ಫೋಟೋ ಜೊತೆಗಿಡಿ.

ರಂಗೋಲಿಗೆ ಬೇರೆ ಥರದ ತೊಂದರೆ ಇದೆ. ನೆಲದ ಮೇಲಿನ ಪುಡಿಯನ್ನು ಎತ್ತಿಕೊಂಡು ಹೋಗಲು ಆಗದು, ಹಾಲ್‌ನಲ್ಲಿ ಫ್ಯಾನುಗಳು ಬೇರೆ ತಿರುಗುತ್ತಿರುತ್ತವೆ. ಪ್ಲೈವುಡ್ ತುಂಡಿನ ಮೇಲೆ ಗೋಂದು ಹಚ್ಚಿ ಬಣ್ಣದ ಮರಳು ಉದುರಿಸಿ ಮಾಡಬಹುದು. ತೆಳು ರಟ್ಟು ಬೇಡ, ಗೋಂದಿನ ಹಸಿಗೆ ಸೊಟ್ಟಗಾಗುತ್ತದೆ. ನನಗೆ ಇನ್ನೂ ಇಷ್ಟವಾಗುವ ದಾರಿ ಕಾಳುಗಳದ್ದು. ಪಕ್ಕದ ಮಿನೆಸೋಟ ರಾಜ್ಯದ ಫೇರ್‌ನಲ್ಲಿ ಕಾಳು, ಬೀಜ ಅಂಟಿಸಿ ಚಿತ್ರ ಮಾಡುವ ಸ್ಪರ್ಧೆ ತುಂಬಾ ಹೆಸರುವಾಸಿ. ಜನ ಸಾಲುಗಟ್ಟಿ ನಿಂತು ನೋಡುತ್ತಾರೆ. ಆ ಕಡೆಯ ಜನಕ್ಕೆ ಇದು ಹೊಸದಲ್ಲ. ರಾಗಿ, ಸಾಸಿವೆ, ಅಕ್ಕಿ, ಹೆಸರುಕಾಳು, ಉದ್ದಿನಕಾಳು ನಿಮ್ಮ ಅಡುಗೆಮನೆಯಲ್ಲೇ ಇವೆ. ಬಣ್ಣ ಹಚ್ಚುವ ಗೋಜೇ ಇಲ್ಲ.

ಆದರೆ ವಿನ್ಯಾಸ ಅವಳದ್ದಾಗಿರಬೇಕು. ಇಲ್ಲಿ ಮಾತ್ರ ಬಿಗಿ. ಯೂಟ್ಯೂಬ್‌ನಲ್ಲಿ ನೋಡಿ ಅಚ್ಚೊತ್ತಿದ ಹಾಗೆ ಹಾಕಿದ್ದು, ಕಾರ್ಟೂನ್ ಪಾತ್ರ, ಆಟದ ತಂಡಗಳ ಲೋಗೋ, ಇವುಗಳ ಮೇಲೆ ಇನ್ನೊಬ್ಬರ ಹಕ್ಕು ಇರುತ್ತದೆ. ಎಷ್ಟೋ ಕಡೆ ವಾಪಸ್ ಕಳಿಸುತ್ತಾರೆ. ಸಂಪ್ರದಾಯದ ಮಾದರಿ ತಗೊಂಡರೆ ಎಲ್ಲಿಂದ ತಗೊಂಡೆ, ಏನು ಬದಲಾಯಿಸಿದೆ ಅಂತ ಹೇಳಬೇಕು. "15ರಿಂದ 8 ಸಂದು ಚುಕ್ಕಿ ಇಟ್ಟೆ, ಅಜ್ಜಿಯ ರಂಗೋಲಿಯಲ್ಲಿ ತಾವರೆ ಇತ್ತು, ನಾನು ಅಲ್ಲಿ ಜೋಳದ ತೆನೆ ತಂದೆ" ಅಂದರೆ ಅದು ಅವಳ ವಿನ್ಯಾಸ. ಚಿತ್ರಕಲೆಯ ಜಡ್ಜ್‌ಗಳು ಗೆರೆ, ಆಕಾರ, ಬಣ್ಣ, ಸಮತೋಲ, ಲಯ ಇವುಗಳ ಬಗ್ಗೆ ಕೇಳುತ್ತಾರೆ. "ಈ ಬಣ್ಣ ಇಲ್ಲೇ ಯಾಕೆ?" ಅಂತ ಕೇಳಿದರೆ "ಚೆನ್ನಾಗಿ ಕಾಣುತ್ತೆ ಅಂತ" ಅಂದರೆ ಮಾತು ಅಲ್ಲೇ ನಿಲ್ಲುತ್ತದೆ. "ನಡುವೆ ಕಣ್ಣು ನಿಲ್ಲಲಿ ಅಂತ ಕೆಂಪು ಬರೀ ಅಲ್ಲಿ ಇಟ್ಟೆ" ಅಂದರೆ ಮುಂದುವರಿಯುತ್ತದೆ. ಕಿಟ್ ತಂದು ನಂಬರ್ ನೋಡಿ ಬಣ್ಣ ತುಂಬಿದ್ದು, ಮಣಿ ಅಂಟಿಸಿದ್ದು ಎಲ್ಲವೂ ಮಕ್ಕಳಿಗೆ ಖುಷಿ ಕೊಡುತ್ತವೆ, ನಿಜ. ಆದರೆ ಅಲ್ಲಿ ಮಗು ತೀರ್ಮಾನ ಮಾಡಿದ್ದು ಏನೂ ಇರುವುದಿಲ್ಲ. ನನಗೆ ಅವುಗಳ ಬಗ್ಗೆ ಕೇಳಲು ಪ್ರಶ್ನೆಯೇ ಸಿಗುವುದಿಲ್ಲ.

ಗೋಡೆಗೆ ತೂಗುಹಾಕುವ ಚಿತ್ರವಾದರೆ ಹಿಂದೆ ತಂತಿ ಕಟ್ಟಿ ತನ್ನಿ. ಬಣ್ಣ ಒಣಗಿರಬೇಕು. ಇದು ಹೇಳುವ ಮಾತೇ ಅಲ್ಲ ಅನಿಸಬಹುದು, ಆದರೆ ಹಿಂದಿನ ರಾತ್ರಿ ಮುಗಿಸಿದ ಚಿತ್ರಗಳು ಪ್ರತಿ ವರ್ಷ ಬರುತ್ತವೆ.

ಈಗ ನಿಮ್ಮ ಸಹಾಯದ ಪ್ರಶ್ನೆ. ಸಾಮಾನು ತಂದುಕೊಡಿ. ಇಸ್ತ್ರಿ ಪೆಟ್ಟಿಗೆ, ಗರಗಸ, ಬಿಸಿ ಗೋಂದು ಇಂಥ ಅಪಾಯದ ಕೆಲಸದಲ್ಲಿ ಪಕ್ಕದಲ್ಲಿ ನಿಲ್ಲಿ. ಒಂದು ಹೊಲಿಗೆ ಹಾಕಿ ತೋರಿಸಿ, ಆಮೇಲೆ ಬಿಚ್ಚಿಬಿಡಿ. ಅಷ್ಟೇ. ಅಮ್ಮನ ಕೈ ಬಿದ್ದ ಕೆಲಸ ದೂರದಿಂದಲೇ ಗೊತ್ತಾಗುತ್ತದೆ. ಅರ್ಧ ಭಾಗ ಹೊಲಿಗೆ ಹೆಚ್ಚುಕಮ್ಮಿ, ಇನ್ನರ್ಧ ಮಷೀನಿನ ಹಾಗೆ ನೇರ. ಬಾಯಿಬಿಟ್ಟು ಹೇಳುವುದಿಲ್ಲ ನಾವು. "ಈ ಭಾಗ ಹೇಗೆ ಮಾಡಿದೆ ಪುಟ್ಟ?" ಅಂತ ಕೇಳುತ್ತೇವೆ. ಮಗು ಅಮ್ಮನ ಮುಖ ನೋಡುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ನಮ್ಮವರದ್ದು ಇನ್ನೊಂದಿದೆ. ಮಗುವಿನ ಪರವಾಗಿ ಉತ್ತರ ಕೊಡುವುದು. ಜಡ್ಜ್ ಪ್ರಶ್ನೆ ಕೇಳಿದ ಕೂಡಲೇ ಹಿಂದಿನಿಂದ ಅಪ್ಪ "ಆಕ್ಚುಲಿ..." ಅಂತ ಶುರು ಮಾಡುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ. ದಯವಿಟ್ಟು ದೂರ ಕೂತುಕೊಳ್ಳಿ. ಸುಮ್ಮನಿರುವ ಮಗುವಿಗೆ ಕಾಯುವುದು ನಮಗೆ ಗೊತ್ತು. ಮಗಳು ನಾಚಿಕೆಯವಳಾದರೆ ಊಟದ ಹೊತ್ತಿನಲ್ಲಿ ಆ ಮೂರು ಪ್ರಶ್ನೆಗಳನ್ನು ಆಗಾಗ ಕೇಳಿ, ಕನ್ನಡದಲ್ಲೇ ಕೇಳಿ. ವಿಷಯ ಅವಳ ತಲೆಯಲ್ಲಿದ್ದರೆ ಇಂಗ್ಲಿಷ್ ತಾನಾಗಿ ಬರುತ್ತದೆ. ಬಾಯಿಪಾಠ ಮಾತ್ರ ಮಾಡಿಸಬೇಡಿ.

ತರಕಾರಿಗೆ ಬರೋಣ. ನನಗೆ ಪ್ರಿಯವಾದ ವಿಭಾಗ ಇದೇ. ಇಲ್ಲಿ ಯಾರೂ ಮಾತಿನಲ್ಲಿ ಮರುಳು ಮಾಡಲು ಆಗುವುದಿಲ್ಲ.

ಲಾಲ್‌ಬಾಗ್ ಫ್ಲವರ್ ಷೋ ನೋಡಿ ಬೆಳೆದ ನಮಗೆ ಪ್ರದರ್ಶನ ಅಂದರೆ ರಾಶಿ, ಗೋಪುರ, ಕಣ್ಣು ಕೋರೈಸುವುದು. ಇಲ್ಲಿ ಒಂದು ಪೇಪರ್ ಪ್ಲೇಟು, ಅದರಲ್ಲಿ ಐದೋ ಹತ್ತೋ ಬೀನ್ಸ್. ಅಷ್ಟೇ! ಆದರೆ ಆ ಹತ್ತೂ ಅಣ್ಣತಮ್ಮಂದಿರ ಹಾಗೆ ಇರಬೇಕು. ಒಂದೇ ಉದ್ದ, ಒಂದೇ ದಪ್ಪ, ಒಂದೇ ಬಣ್ಣ, ಒಂದೇ ಹದ. ತೂಕಕ್ಕೆ ಬೇರೆ ಸ್ಪರ್ಧೆ ಇರುತ್ತದೆ, ದೊಡ್ಡ ಕುಂಬಳಕಾಯಿ ಅಲ್ಲಿಗೆ. ಪ್ಲೇಟಿನ ಸ್ಪರ್ಧೆಯಲ್ಲಿ ಒಂದು ದೈತ್ಯ ಸೌತೆಕಾಯಿ ಎರಡು ಸಣ್ಣದರ ಜೊತೆ ಬಂದರೆ ಅದು ನಿಮಗೆ ನಷ್ಟ. ಎಷ್ಟು ಕಾಯಿ ಇಡಬೇಕು ಅನ್ನುವುದು ನಿಯಮಗಳ ಪುಸ್ತಕವಾದ ಫೇರ್ ಬುಕ್‌ನಲ್ಲಿ ಇರುತ್ತದೆ. ಐದು ಅಂದರೆ ಐದೇ. ಆರಿಟ್ಟರೆ ಓಪನ್ ಕ್ಲಾಸಿನಲ್ಲಿ ನೋಡದೇ ಬಿಡಬಹುದು. ಹಾಗಾಗಿ ಹತ್ತು ಬೇಕಾದ ಕಡೆ ಐವತ್ತು ಕೊಯ್ದು ಆರಿಸುವಷ್ಟು ಬೆಳೆ ಇರಬೇಕು.

ಈ ಆರಿಸುವ ಕೆಲಸವನ್ನು ಮಗಳಿಗೇ ಬಿಡಿ. ಮೇಜಿನ ಮೇಲೆ ಬೀನ್ಸ್ ಹರವಿ ಸಾಲಾಗಿ ಜೋಡಿಸುವುದರಲ್ಲಿ ಮಕ್ಕಳಿಗೆ ಕಣ್ಣು ಪಳಗುತ್ತದೆ. ಯಾವುದು ಬಲಿತಿದೆ, ಯಾವುದು ಎಳೆಯದು, ಯಾವುದನ್ನು ಹುಳ ಮುಟ್ಟಿದೆ ಅಂತ.

ಜುಲೈಗೆ ಏನು ಸಿಗುತ್ತದೆ? ಅಯೋವಾದ ಆ ಭಾಗದಲ್ಲಿ ಗಿಡ ಸುಡುವ ಕೊನೆಯ ಹಿಮ (ಫ್ರಾಸ್ಟ್) ಸಾಮಾನ್ಯವಾಗಿ ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ ಮುಗಿಯುತ್ತದೆ. ಮೇ ಎರಡನೇ ವಾರ ಬಿತ್ತಿದರೆ ಜುಲೈ ಮಧ್ಯಕ್ಕೆ ಎರಡು ತಿಂಗಳು. ಗಿಡ್ಡ ಬೀನ್ಸ್‌ಗೆ 50ರಿಂದ 60 ದಿನ ಸಾಕು. ಜುಕಿನಿ ಇನ್ನೂ ಬೇಗ. ಸೌತೆಕಾಯಿಯೂ ಸಿಗುತ್ತದೆ. ಟೊಮೆಟೊ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ದೊಡ್ಡ ತಳಿಗಳು ಸಸಿ ನೆಟ್ಟ ಮೇಲೂ 70ರಿಂದ 80 ದಿನ ಕೇಳುತ್ತವೆ, ಹಣ್ಣಾಗುವಷ್ಟರಲ್ಲಿ ಫೇರ್ ಮುಗಿದಿರುತ್ತದೆ. ಚೆರ್ರಿ ಟೊಮೆಟೊದ ಬೇಗನೆ ಬರುವ ತಳಿ ಹಾಕಿದರೆ ಒಂದು ಕೈ ನೋಡಬಹುದು. ಹಾಗಲ, ಸೋರೆ ಇವಕ್ಕೆ ಬಿಸಿ ನೆಲ ಬೇಕು, ಜುಲೈ ಮಧ್ಯಕ್ಕೆ ಹೂವು ಬಂದಿದ್ದರೆ ಪುಣ್ಯ. ಬೆಂಡೆಯೂ ಅಂಚಿನಲ್ಲೇ ಇದೆ. ಫೇರ್ ಜುಲೈ ಕೊನೆಗಿದ್ದರೆ ಸಿಗಬಹುದು.

ನಾನಾಗಿದ್ದರೆ ಇವತ್ತೇ ನವಿಲುಕೋಸು ಸಸಿ ತಂದು ನೆಡುತ್ತಿದ್ದೆ. ಚಳಿಗೆ ಹೆದರುವುದಿಲ್ಲ, ಬೇಗ ಬರುತ್ತದೆ, ಎರಡು ಮೂರು ಇಂಚಿನ ಗೆಡ್ಡೆಗಳನ್ನು ಒಂದೇ ಅಳತೆಗೆ ಹೊಂದಿಸುವುದೂ ಸುಲಭ. ಆದರೆ ಬಿಸಿಲು ಏರಿದ ಮೇಲೆ ಬಿಟ್ಟರೆ ಬೆಂಡಾಗುತ್ತದೆ, ನಾರಾಗುತ್ತದೆ. ಆಲೂಗಡ್ಡೆಯನ್ನೂ ಈ ತಿಂಗಳೇ ಹೂಳಬಹುದು. ಆಮೇಲೆ ಸಬ್ಬಸಿಗೆ ಸೊಪ್ಪು. ಅಲ್ಲಿನವರು ಅದನ್ನು ಸೌತೆಕಾಯಿ ಉಪ್ಪಿನಕಾಯಿಗೆ ಬೆಳೆಯುತ್ತಾರೆ, ನಿಮ್ಮ ಮಗಳು ಅಕ್ಕಿರೊಟ್ಟಿಗೆ ಬೆಳೆಯುತ್ತಾಳೆ. ಗಿಡಮೂಲಿಕೆಗಳ ಕ್ಲಾಸಿನಲ್ಲಿ ನೀರಿನ ಬಾಟಲಿಯಲ್ಲಿಟ್ಟು ಕೊಡಬಹುದು. ಮೆಂತ್ಯ, ಕೊತ್ತಂಬರಿ ಮೂರು ನಾಲ್ಕು ವಾರದಲ್ಲಿ ಕೊಯ್ಲಿಗೆ ಬರುತ್ತವೆ. ಆದರೆ ಜುಲೈ ಸೆಖೆಗೆ ಕೊತ್ತಂಬರಿ ಬಲುಬೇಗ ಹೂ ಬಿಡುತ್ತದೆ, ಹಾಗಾಗಿ ಹತ್ತು ಹತ್ತು ದಿನ ಬಿಟ್ಟು ಮೂರು ಸಲ ಬಿತ್ತಿ. ಪುಸ್ತಕದಲ್ಲಿ ಹೆಸರಿಲ್ಲದ ಬೆಳೆಗೆ "ಇತರ ತರಕಾರಿ" ಎಂಬ ಕ್ಲಾಸು ಸಾಮಾನ್ಯವಾಗಿ ಇರುತ್ತದೆ.

ಬೀಜದ ಪೊಟ್ಟಣ ಎಸೆಯಬೇಡಿ. ತರಕಾರಿ ಜೊತೆ ಇಡುವ ಚೀಟಿಯಲ್ಲಿ ತಳಿಯ ಹೆಸರು ಬರೆಯಬೇಕಾಗುತ್ತದೆ. ಬರೀ "ಬೀನ್ಸ್" ಅಂದರೆ ಸಾಲದು.

ಕೊಯ್ಯುವುದು ಬೆಳಿಗ್ಗೆ, ಬಿಸಿಲೇರುವ ಮುಂಚೆ. ಬೀನ್ಸ್, ಬದನೆ, ಮೆಣಸಿನಕಾಯಿಗಳಿಗೆ ತೊಟ್ಟು ಇರಲಿ. ಸೌತೆಕಾಯಿಗೆ ಚೂರು ತೊಟ್ಟು ಬಿಟ್ಟು ಕತ್ತರಿಸಿ. ಬೀನ್ಸ್‌ನಲ್ಲಿ ಒಳಗಿನ ಕಾಳು ಉಬ್ಬಿ ಕಾಣಬಾರದು. ಬದನೆ ಮಿರಿಮಿರಿ ಹೊಳೆಯಬೇಕು, ಹೊಳಪು ಹೋಗಿದ್ದರೆ ಬಲಿತುಹೋಗಿದೆ ಅಂತಲೇ ಲೆಕ್ಕ. ಆಲೂಗಡ್ಡೆಯನ್ನು ನೀರಿನಲ್ಲಿ ಉಜ್ಜಬೇಡಿ. ಮಣ್ಣು ಒಣಗಿದ ಮೇಲೆ ಮೆತ್ತಗಿನ ಬ್ರಶ್‌ನಿಂದ ಒರೆಸಿ, ಹಸಿರಾಗಿರುವುದನ್ನು ತೆಗೆದುಬಿಡಿ. ಎಣ್ಣೆ ಹಚ್ಚಿ ಹೊಳಪು ತರುವುದು ಬೇಡವೇ ಬೇಡ. ಜಡ್ಜ್ ಮೂಸಿ ನೋಡಿದರೆ ಸಾಕು, ಗೊತ್ತಾಗುತ್ತದೆ. ಎಲೆಕೋಸಿನ ಮೇಲೆ ಬೂದಿ ಹಾಗೆ ಇರುತ್ತದಲ್ಲ, ಅದು ಕೊಳೆ ಅಲ್ಲ. ತಿಕ್ಕಿ ತೆಗೆದರೆ ಬೆರಳಿನ ಗುರುತು ಉಳಿದುಬಿಡುತ್ತದೆ.

ಹೂವಿಗೆ ಜೀನಿಯಾ, ಚೆಂಡುಹೂವು ಹಾಕಿ. ಹಿಂದಿನ ಸಂಜೆಯೋ ಅದೇ ಬೆಳಗಿನ ಜಾವವೋ ಕೊಯ್ದು ತಂಪಾದ ಜಾಗದಲ್ಲಿ ನೀರಿನಲ್ಲಿ ಆಳವಾಗಿ ನಿಲ್ಲಿಸಿ. ನೀರಿನೊಳಗೆ ಮುಳುಗುವ ಎಲೆ ತೆಗೆಯಬೇಕು.

ಬೆಳೆ ಕೆಟ್ಟರೆ? ಆಲಿಕಲ್ಲು ಬೀಳುತ್ತದೆ, ಮೊಲ ತಿಂದುಹಾಕುತ್ತದೆ. ಇದಕ್ಕೆ ಫೋರ್-ಎಚ್‌ನಲ್ಲಿ ಒಂದು ದಾರಿ ಇದೆ, ಓಪನ್ ಕ್ಲಾಸಿನಲ್ಲಿ ಇಲ್ಲದ್ದು. ಬೆಳೆಯ ಬದಲು ಬೆಳೆಸಿದ ಕತೆಯನ್ನೇ ಪೋಸ್ಟರ್ ಆಗಿಯೋ ನೋಟ್‌ಬುಕ್ ಆಗಿಯೋ ಇಡಬಹುದು. ಉದಾಹರಣೆಗೆ ಟೊಮೆಟೊ ತಳ ಕಪ್ಪಾಗಿ ಕೊಳೆಯುವುದು. ಎಲ್ಲರೂ ರೋಗ ಅಂದುಕೊಂಡು ಔಷಧಿ ಹೊಡೆಯುತ್ತಾರೆ. ರೋಗ ಅಲ್ಲ ಅದು. ಕಾಯಿಗೆ ಸಾಕಷ್ಟು ಕ್ಯಾಲ್ಸಿಯಂ ತಲುಪಿಲ್ಲ, ಹೆಚ್ಚಿನ ಸಲ ಒಂದು ದಿನ ಒಣಗಿಸಿ ಇನ್ನೊಂದು ದಿನ ನೀರು ಸುರಿದದ್ದರಿಂದ. ನೀರು ಹಾಕಿದ ದಿನ, ಮಳೆ ಬಂದ ದಿನ ಬರೆದಿಟ್ಟು, ಕೆಟ್ಟ ಕಾಯಿಯ ಫೋಟೋ ಅಂಟಿಸಿ ಮಗು ತಾನೇ ಕಾರಣ ಹುಡುಕಿ ಹೇಳಿದರೆ ಅದಕ್ಕೆ ನೀಲಿ ಕೊಡಲು ನನ್ನ ಕೈ ತಡೆಯುವುದಿಲ್ಲ. ಹಾಗಾಗಿ ಇವತ್ತಿನಿಂದಲೇ ಅವಳಿಗೆ ಒಂದು ಹಳೇ ನೋಟ್‌ಬುಕ್ ಕೊಡಿ. ಬಿತ್ತಿದ ದಿನ, ಮೊಳಕೆ ಬಂದ ದಿನ, ಫೋಟೋ. ಜೂನ್‌ನಲ್ಲಿ ನೆನಪು ಮಾಡಿಕೊಂಡು ಬರೆದದ್ದು ಓದಿದ ಕೂಡಲೇ ತಿಳಿಯುತ್ತದೆ, ಎಲ್ಲ ಪುಟವೂ ಒಂದೇ ಪೆನ್ನು!

ಮಗನಿಗೆ ಈ ಯಾವ ತಲೆನೋವೂ ಇಲ್ಲ. ಅಯೋವಾದಲ್ಲಿ ಕಿಂಡರ್‌ಗಾರ್ಟನ್‌ನಿಂದ ಮೂರನೇ ಕ್ಲಾಸಿನವರೆಗೆ ಕ್ಲೋವರ್ ಕಿಡ್ಸ್, ನಾಲ್ಕರಿಂದ ಹನ್ನೆರಡರವರೆಗೆ ಫೋರ್-ಎಚ್. ಕ್ಲೋವರ್ ಕಿಡ್ಸ್‌ಗೆ ಸ್ಪರ್ಧೆ ಇಲ್ಲ, ಬಣ್ಣದ ಲೆಕ್ಕ ಇಲ್ಲ. ಭಾಗವಹಿಸಿದ ಎಲ್ಲರಿಗೂ ಒಂದೇ ಥರ. ಅವನು ಮಾಡಿದ್ದು ಏನಾದರೂ ಇರಲಿ, ಒಯ್ದು ಇಡಿ. ಅಕ್ಕನ ಥರ ನೀಲಿ ಬೇಕು ಅಂತ ಹಟ ಮಾಡಿದರೆ ಮೂರು ವರ್ಷ ತಡಿ ಅನ್ನಿ.

ಕೆಲಸ ಶುರುವಾಗಬೇಕಾದ್ದು ಒಂದು ಫೋನ್‌ನಿಂದ. ನಿಮ್ಮ ಕೌಂಟಿಯ ಎಕ್ಸ್‌ಟೆನ್ಶನ್ ಆಫೀಸಿಗೆ ಈ ವಾರವೇ ಮಾಡಿ. ಫೋರ್-ಎಚ್‌ಗೆ ಸೇರಲು ಮತ್ತು ಫೇರ್‌ಗೆ ಹೆಸರು ಕೊಡಲು ಬೇರೆ ಬೇರೆ ಕೊನೆಯ ದಿನಗಳಿವೆ, ಎರಡೂ ಆನ್‌ಲೈನ್. ಸೇರುವ ದಿನ ವಸಂತದಲ್ಲೇ ಮುಗಿದುಹೋಗುತ್ತದೆ. ಅಯೋವಾದ 99 ಕೌಂಟಿಗಳಲ್ಲಿ ಒಂದೊಂದರ ಫೇರ್ ಬುಕ್ ಒಂದೊಂದು ಥರ. ಹಾಗಾಗಿ ಬೇರೆ ಕೌಂಟಿಯ ಗೆಳತಿ ಹೇಳಿದ್ದನ್ನು, ನಾನು ಹೇಳಿದ್ದನ್ನೂ ಕೂಡ, ನಿಮ್ಮ ಪುಸ್ತಕದ ಜೊತೆ ಹೋಲಿಸಿ ನೋಡಿ. ಎಷ್ಟು ಕಾಯಿ, ಟೊಮೆಟೊಗೆ ತೊಟ್ಟು ಬೇಕೋ ಬೇಡವೋ, ಬೋರ್ಡ್ ಎಷ್ಟು ಅಗಲ ಇರಬಹುದು, ಎಲ್ಲವೂ ಅದರಲ್ಲಿದೆ. ಪುಸ್ತಕದ ಮಾತೇ ಕೊನೆಯ ಮಾತು. ಸೇರುವ ದಿನ ತಪ್ಪಿಹೋಗಿದ್ದರೂ ಚಿಂತೆ ಇಲ್ಲ, ಓಪನ್ ಕ್ಲಾಸಿನಲ್ಲಿ ಮಕ್ಕಳ ವಿಭಾಗ ಇದ್ದರೆ ಸಂಘದ ಸದಸ್ಯತ್ವ ಬೇಕಿಲ್ಲ.

ಕೌಂಟಿಯಲ್ಲಿ ಮೇಲೆ ಬಂದ ಕೆಲಸಗಳು ಆಗಸ್ಟ್‌ನಲ್ಲಿ ಡಿ ಮಾಯ್ನ್‌ನ ಸ್ಟೇಟ್ ಫೇರ್‌ಗೆ ಹೋಗುತ್ತವೆ. ಅದಕ್ಕೆ ವಯಸ್ಸಿನ ನಿಯಮ ಬೇರೆ. ಈ ವರ್ಷ ಅದರ ಯೋಚನೆ ಬೇಡ, ಸುಮ್ನೆ ನೋಡಲು ಹೋಗಿ ಬನ್ನಿ. 1911ರಿಂದ ಅಲ್ಲಿ ಬೆಣ್ಣೆಯಲ್ಲಿ ಹಸು ಮಾಡಿ ಇಡುತ್ತಾರೆ, ಮಗನಿಗೆ ಇಷ್ಟವಾಗುತ್ತದೆ.

ಕೊನೆಗೆ ಸಾಮಾನು ವಾಪಸ್ ತರುವ ವಿಷಯ. ಜಡ್ಜಿಂಗ್ ಮುಗಿದ ಕೂಡಲೇ ಮನೆಗೆ ತರುವಂತಿಲ್ಲ. ಫೇರ್ ಮುಗಿಯುವವರೆಗೂ ಹಾಲ್‌ನಲ್ಲಿ ಇರಬೇಕು, ಬಿಡಿಸಿಕೊಳ್ಳುವ ದಿನ ಮತ್ತು ಗಂಟೆ ಪುಸ್ತಕದಲ್ಲಿರುತ್ತದೆ. ಮುಂಚೆಯೇ ಎತ್ತಿಕೊಂಡು ಬಂದರೆ ಬಹುಮಾನದ ದುಡ್ಡು ಹೋಗಬಹುದು. ದುಡ್ಡು ಅಂದರೆ ಐಸ್‌ಕ್ರೀಮ್‌ಗೆ ಆಗುವಷ್ಟು, ಅಷ್ಟೇ. ತರಕಾರಿ ಅಷ್ಟರಲ್ಲಿ ಬಾಡಿರುತ್ತದೆ, ಅದನ್ನು ಅಲ್ಲೇ ಬಿಡಿ. ಕಸೂತಿಯನ್ನು ಮಾತ್ರ ಕಿಟಕಿ ಪಕ್ಕ ಇಡಬೇಡಿ ಅಂತ ಹಾಲ್‌ನಲ್ಲಿ ಇರುವವರಿಗೆ ಮೊದಲ ದಿನವೇ ಹೇಳಿಬನ್ನಿ, ಜುಲೈ ಬಿಸಿಲಿಗೆ ದಾರದ ಬಣ್ಣ ಇಳಿಯುತ್ತದೆ.